ಒಂದು ಮತದ ಅಂತರ: ಅಮೇರಿಕದ ಅಧ್ಯಕ್ಷರೂ ಮಹಾಭಿಯೋಗವೂ

1868ನೆಯ ಇಸವಿ ಮೇ ತಿಂಗಳ 16, ಶನಿವಾರ. ವಾಷಿಂಗ್ಟನ್ ನಗರದ ಸೆನೆಟ್ ಸಭಾಭವನದಲ್ಲಿ 54 ಮಂದಿ ಸದಸ್ಯರು ಒಬ್ಬರ ಬಳಿಕ ಒಬ್ಬರಂತೆ ಎದ್ದು ನಿಂತು, ತಮ್ಮ ದೇಶದ ಅಧ್ಯಕ್ಷರು ಅಪರಾಧಿಯೋ ಅಲ್ಲವೋ ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿ ಕುಳಿತರು. 35 ಮಂದಿ ಅಪರಾಧಿ ಎಂದರು. 19 ಮಂದಿ ಅಲ್ಲವೆಂದರು. ಮೂರರಲ್ಲಿ ಎರಡು ಪಾಲು, ಅಂದರೆ 36 ಮತಗಳು ಬೇಕಾಗಿದ್ದವು. ಒಂದು ಮತ ಕಡಮೆಯಾಯಿತು. ಆಂಡ್ರೂ ಜಾನ್ಸನ್ ಅಧ್ಯಕ್ಷ ಪದವಿಯಲ್ಲಿ ಉಳಿದರು.

ಅಂದಿನಿಂದ 2021ರವರೆಗೆ ಅಮೇರಿಕದಲ್ಲಿ ಇಂತಹ ವಿಚಾರಣೆ ಇನ್ನೂ ಮೂರು ಸಲ ನಡೆಯಿತು. ಒಂದರಲ್ಲಿಯೂ ಅಧ್ಯಕ್ಷರು ಅಪರಾಧಿಯೆಂದು ತೀರ್ಮಾನವಾಗಲಿಲ್ಲ. ಪ್ರತಿಸಲವೂ ಜಗಳ ಮಾತ್ರ ಒಂದೇ. ಇದು ಕಾನೂನಿನ ಪ್ರಶ್ನೆ, ಪಕ್ಷದ ಪ್ರಶ್ನೆಯಲ್ಲವೆಂದು ಒಂದು ಕಡೆಯವರು ಹೇಳುತ್ತಾರೆ; ಚುನಾವಣೆಯಲ್ಲಿ ಸೋಲಿಸಲಾಗದವರ ಸೇಡು ಇದೆಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಈ ಎರಡು ಮಾತುಗಳೂ ಏಕಕಾಲಕ್ಕೆ ನಿಜವಾಗಿರಬಹುದೆಂಬುದನ್ನು ಜಾನ್ಸನ್ ಅವರ ಪ್ರಕರಣದಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ.

ಮೊದಲು ಪದದ ವಿಚಾರ. ಇಂಪೀಚ್‌ಮೆಂಟ್ ಎಂಬುದನ್ನು ನಮ್ಮ ಪತ್ರಿಕೆಗಳು ವಾಗ್ದಂಡನೆಯೆಂದೂ ಮಹಾಭಿಯೋಗವೆಂದೂ ಬರೆಯುತ್ತವೆ. ವಾಗ್ದಂಡನೆಯೆಂದರೆ ಮಾತಿನಲ್ಲಿ ಗದರಿಸಿ ಬಿಟ್ಟುಬಿಡುವುದೆಂಬ ಭಾವನೆ ಬರುವುದರಿಂದ ಇಲ್ಲಿ ಮಹಾಭಿಯೋಗವೆಂಬ ಮಾತನ್ನೇ ಬಳಸಿದೆ. ಅಮೇರಿಕದ ಪದ್ಧತಿಯಲ್ಲಿ ಇದು ಎರಡು ಮೆಟ್ಟಿಲುಗಳ ಕಾರ್ಯ. ಕೆಳಮನೆಯಾದ ಪ್ರತಿನಿಧಿ ಸಭೆ ಸಾಮಾನ್ಯ ಬಹುಮತದಿಂದ ಆರೋಪ ಹೊರಿಸುತ್ತದೆ. ಮೇಲ್ಮನೆಯಾದ ಸೆನೆಟ್ ಪ್ರಮಾಣವಚನ ತೆಗೆದುಕೊಂಡು, ಸರ್ವೋಚ್ಚ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಸುತ್ತದೆ. ಆರೋಪ ಹೊರಿಸಿದ ಮಾತ್ರಕ್ಕೆ ಪದವಿ ಹೋಗುವುದಿಲ್ಲ. ಕಾರಣಗಳು ದೇಶದ್ರೋಹ, ಲಂಚ, ಮತ್ತು ಇತರ ಘೋರ ಅಪರಾಧಗಳು ಹಾಗೂ ದುರ್ವರ್ತನೆಗಳು ಎಂದು ಸಂವಿಧಾನ ಹೇಳುತ್ತದೆ. ಕೊನೆಯ ಮಾತಿಗೆ ಅರ್ಥವಿವರಣೆ ಕೊಟ್ಟಿಲ್ಲ. ಪಕ್ಷರಾಜಕಾರಣ ಒಳಗೆ ಬರುವುದು ಈ ಬಾಗಿಲಿನಿಂದಲೇ.

ಜಾನ್ಸನ್ ಸಾಮಾನ್ಯ ವ್ಯಕ್ತಿಯಲ್ಲ. 1808ರಲ್ಲಿ ಉತ್ತರ ಕೆರೊಲಿನಾದ ಬಡ ಕುಟುಂಬದಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದೆ, ಬಾಲ್ಯದಲ್ಲಿಯೇ ದರ್ಜಿಯೊಬ್ಬನ ಬಳಿ ಕೆಲಸಕ್ಕೆ ಸೇರಿದವರು. ಬರೆಯುವುದರಲ್ಲಿಯೂ ಲೆಕ್ಕದಲ್ಲಿಯೂ ಅವರ ಕೈ ಪಳಗಿದ್ದು ಮದುವೆಯಾದ ಮೇಲೆ, ಹೆಂಡತಿ ಎಲೈಜಾಳ ನೆರವಿನಿಂದ. ಟೆನೆಸಿಯಲ್ಲಿ ಸೂಜಿದಾರದಿಂದ ಹೊಟ್ಟೆ ಹೊರೆಯುತ್ತಲೇ ರಾಜಕಾರಣಕ್ಕಿಳಿದು ಸೆನೆಟ್ಟಿನವರೆಗೆ ಏರಿದರು. ಗುಲಾಮಗಿರಿಯ ಪ್ರಶ್ನೆಯ ಮೇಲೆ ದಕ್ಷಿಣದ ರಾಜ್ಯಗಳು ಒಕ್ಕೂಟವನ್ನು ಬಿಟ್ಟು ಹೊರನಡೆದಾಗ, ಆ ರಾಜ್ಯಗಳ ಸೆನೆಟ್ ಸದಸ್ಯರಲ್ಲಿ ತಮ್ಮ ಸ್ಥಾನ ಬಿಡದೆ ಉಳಿದವರು ಇವರೊಬ್ಬರೇ. ಆ ನಿಷ್ಠೆಗೆ ಮೆಚ್ಚಿ, ಡೆಮೋಕ್ರಾಟಿಕ್ ಪಕ್ಷದವರಾಗಿದ್ದರೂ ಇವರನ್ನು 1864ರ ಚುನಾವಣೆಯಲ್ಲಿ ಲಿಂಕನ್ ಅವರ ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದರು. 1865ರ ಏಪ್ರಿಲ್ 15ರಂದು ಲಿಂಕನ್ ಗುಂಡಿಗೆ ಬಲಿಯಾದರು. ದರ್ಜಿಯ ಅಂಗಡಿಯಿಂದ ಹೊರಟವರು ಶ್ವೇತಭವನ ಸೇರಿದರು.

ಅಲ್ಲಿಂದ ತೊಡಕು ಆರಂಭವಾಯಿತು. ನಲವತ್ತು ಲಕ್ಷದಷ್ಟು ಗುಲಾಮರು ಬಿಡುಗಡೆ ಹೊಂದಿದ್ದರು. ಅವರು ಪ್ರಜೆಗಳೋ, ಕೇವಲ ಒಡೆಯನಿಲ್ಲದ ಆಳುಗಳೋ ಎಂಬುದು ಪ್ರಶ್ನೆ. ದಕ್ಷಿಣದ ರಾಜ್ಯಗಳು ಕಪ್ಪು ಜನರಿಗೆಂದೇ ಬೇರೆ ಕಟ್ಟಳೆಗಳನ್ನು ಮಾಡಿದವು: ಕೆಲಸದ ಕರಾರು ತೋರಿಸದವನು ಅಲೆಮಾರಿ, ಅಲೆಮಾರಿಗೆ ದಂಡ, ದಂಡ ಕೊಡಲಾಗದವನನ್ನು ಬಿಳಿಯ ಜಮೀನ್ದಾರನ ಬಳಿ ದುಡಿಮೆಗೆ ಒಪ್ಪಿಸುವುದು. ಹೆಸರು ಬದಲಾಯಿತು, ನೊಗ ಹಾಗೆಯೇ ಉಳಿಯಿತು. 1866ರ ಮೇ ತಿಂಗಳಲ್ಲಿ ಮೆಂಫಿಸ್ ನಗರದಲ್ಲಿಯೂ ಜುಲೈ ತಿಂಗಳಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿಯೂ ಕಪ್ಪು ಜನರ ಕಗ್ಗೊಲೆ ನಡೆಯಿತು. ಅವರಿಗೆ ಪೌರಹಕ್ಕು ನೀಡುವ ಮಸೂದೆಯನ್ನು ಕಾಂಗ್ರೆಸ್ ಕಳಿಸಿದಾಗ ಜಾನ್ಸನ್ ಅದನ್ನು ತಳ್ಳಿಹಾಕಿದರು. ಕಾಂಗ್ರೆಸ್ ಮೂರರಲ್ಲಿ ಎರಡು ಪಾಲು ಮತಗಳಿಂದ ಅದನ್ನು ಮತ್ತೆ ಅಂಗೀಕರಿಸಿತು. ಹದಿನಾಲ್ಕನೆಯ ತಿದ್ದುಪಡಿಯನ್ನೂ ಅವರು ವಿರೋಧಿಸಿದರು. ಊರೂರು ತಿರುಗಿ, ಅಧ್ಯಕ್ಷ ಪದವಿಗೆ ಒಪ್ಪದ ಮಾತುಗಳಿಂದ ಕಾಂಗ್ರೆಸ್ಸನ್ನು ಹಳಿದರು. ಅದೇ ವರ್ಷದ ಚುನಾವಣೆಯಲ್ಲಿ ಜನರು ಅವರ ವಿರೋಧಿಗಳಾದ ರಿಪಬ್ಲಿಕನ್ನರಿಗೆ ಎರಡೂ ಸಭೆಗಳಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಸ್ಥಾನ ಕೊಟ್ಟರು.

ಈ ನಡತೆಗಾಗಿ ಅವರನ್ನು ಕೆಳಗಿಳಿಸಬೇಕೆಂಬ ಸಲಹೆ 1867ರ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆಯ ಮುಂದೆ ಬಂತು. ವಿರೋಧಪಕ್ಷದ ಕೈಯಲ್ಲಿದ್ದ ಸಭೆಯೇ 57ಕ್ಕೆ 108 ಮತಗಳಿಂದ ಅದನ್ನು ತಿರಸ್ಕರಿಸಿತು. ಕೆಟ್ಟ ಆಡಳಿತ ಬೇರೆ, ಅಪರಾಧ ಬೇರೆ ಎಂದು ಹಲವರು ಭಾವಿಸಿದರು. ಹಾಗಾದರೆ ಅಪರಾಧವೊಂದು ಬೇಕು. ಅದು ಮೂರು ತಿಂಗಳೊಳಗೆ ದೊರೆಯಿತು.

ಕಾಂಗ್ರೆಸ್ಸು 1867ರ ಮಾರ್ಚಿಯಲ್ಲಿಯೇ ಒಂದು ಕಾನೂನು ಮಾಡಿ ಇಟ್ಟಿತ್ತು: ಸೆನೆಟ್ಟಿನ ಒಪ್ಪಿಗೆಯಿಂದ ನೇಮಕವಾದ ಅಧಿಕಾರಿಯನ್ನು ಸೆನೆಟ್ಟಿನ ಒಪ್ಪಿಗೆಯಿಲ್ಲದೆ ಅಧ್ಯಕ್ಷರು ತೆಗೆಯಕೂಡದು. ಯುದ್ಧಖಾತೆಯ ಮಂತ್ರಿ ಎಡ್ವಿನ್ ಸ್ಟಾಂಟನ್ ಅಧ್ಯಕ್ಷರ ಸಂಪುಟದಲ್ಲಿದ್ದುಕೊಂಡೇ ಅವರ ವಿರೋಧಿಗಳ ಪರವಾಗಿದ್ದವರು. 1868ರ ಫೆಬ್ರವರಿ 21ರಂದು ಜಾನ್ಸನ್ ಅವರನ್ನು ಪದವಿಯಿಂದ ತೆಗೆದರು. ಸ್ಟಾಂಟನ್ ಕಚೇರಿ ಬಿಟ್ಟು ಹೊರಡಲಿಲ್ಲ. ಬಾಗಿಲು ಭದ್ರಪಡಿಸಿಕೊಂಡು ಒಳಗೇ ಬೀಡುಬಿಟ್ಟರು. ಮೂರೇ ದಿನಗಳಲ್ಲಿ, ಫೆಬ್ರವರಿ 24ರಂದು, ಪ್ರತಿನಿಧಿ ಸಭೆ 126ಕ್ಕೆ 47 ಮತಗಳಿಂದ ಮಹಾಭಿಯೋಗವನ್ನು ಅಂಗೀಕರಿಸಿತು. ಆರೋಪಪಟ್ಟಿಯನ್ನು ಬರೆದದ್ದು ಆ ಬಳಿಕ!

ಪಟ್ಟಿಯಲ್ಲಿ ಹನ್ನೊಂದು ಆರೋಪಗಳು. ಮೊದಲ ಎಂಟು ಸ್ಟಾಂಟನ್ ಅವರನ್ನು ತೆಗೆದು ಬೇರೊಬ್ಬರನ್ನು ನೇಮಿಸಿದ ಒಂದೇ ಸಂಗತಿಯನ್ನು ತಿರುವಿ ತಿರುವಿ ಹೇಳಿದವು. ಒಂಬತ್ತನೆಯದು ಸೈನ್ಯಾಧಿಕಾರಿಯೊಬ್ಬರೊಡನೆ ಆಡಿದ ಮಾತಿನ ಬಗ್ಗೆ, ಹತ್ತನೆಯದು ಊರೂರಿನ ಆ ಭಾಷಣಗಳ ಬಗ್ಗೆ. ಹನ್ನೊಂದನೆಯದು ಎಲ್ಲವನ್ನೂ ಕಲಸಿದ ಮೇಲೋಗರ. ಬಿಡುಗಡೆ ಹೊಂದಿದ ಗುಲಾಮರ ಗತಿ ಏನಾಯಿತೆಂಬ, ನಿಜವಾಗಿ ಎಲ್ಲರ ಎದೆಯಲ್ಲಿ ಕುದಿಯುತ್ತಿದ್ದ ವಿಷಯಕ್ಕೆ ಪಟ್ಟಿಯಲ್ಲಿ ಸಿಕ್ಕ ಜಾಗ ಬಹಳ ಚಿಕ್ಕದು: ದಕ್ಷಿಣದ ಆಡಳಿತದ ಕಾನೂನಿಗೆ ಅಡ್ಡಿಮಾಡಿದರೆಂದು ಹನ್ನೊಂದನೆಯ ಆರೋಪದ ಕೊನೆಯಲ್ಲಿ ಸೇರಿಸಿದ ಕೆಲವು ಪದಗಳು, ಅಷ್ಟೇ. ಎದೆಯಲ್ಲಿದ್ದ ದೂರು ಒಂದು, ಕಾಗದದ ಮೇಲಿನ ದೂರು ಇನ್ನೊಂದು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇದೇ. ಜಾನ್ಸನ್ ಮಾಡಿದ ದೊಡ್ಡ ಅನ್ಯಾಯಕ್ಕೆ ಅವರ ಮೇಲೆ ವಿಚಾರಣೆ ನಡೆಯಲಿಲ್ಲ. ವಿಚಾರಣೆ ನಡೆದದ್ದು ಬಹುಮಟ್ಟಿಗೆ ಮಂತ್ರಿಯೊಬ್ಬರ ವಜಾ ವಿಷಯಕ್ಕೆ.

ಆ ಕಾಗದದ ದೂರಿನಲ್ಲಿಯೂ ತೂತಿತ್ತು. ಮಂತ್ರಿಗಳಿಗೆ ಆ ಕಾನೂನಿನ ರಕ್ಷಣೆ ಇದ್ದದ್ದು ಅವರನ್ನು ನೇಮಿಸಿದ ಅಧ್ಯಕ್ಷರ ಅವಧಿಯವರೆಗೆ, ಮೇಲೆ ಒಂದು ತಿಂಗಳು. ಸ್ಟಾಂಟನ್ ಅವರನ್ನು 1862ರಲ್ಲಿ ನೇಮಿಸಿದ್ದವರು ಲಿಂಕನ್. ಲಿಂಕನ್ ತೀರಿಕೊಂಡು ಮೂರು ವರ್ಷವಾಗುತ್ತ ಬಂದಿತ್ತು. ಹಾಗಿದ್ದ ಮೇಲೆ ಕಾನೂನು ಇವರನ್ನು ಕಾಯುವುದೆಂತು ಎಂದು ಜಾನ್ಸನ್ ಪರ ವಕೀಲರು ಕೇಳಿದರು. ಸತ್ತವರ ಅವಧಿಯನ್ನೇ ಜಾನ್ಸನ್ ಮುಂದುವರಿಸುತ್ತಿದ್ದಾರೆಂದು ಎದುರು ಪಕ್ಷದವರು ವಾದಿಸಿದರು. ಸತ್ತವರಿಗೂ ಪದವಿಯ ಅವಧಿ ಉಂಟೆಂಬ ಆ ವಾದ ಕೆಲವು ರಿಪಬ್ಲಿಕನ್ನರಿಗೇ ಗಂಟಲಲ್ಲಿ ಇಳಿಯಲಿಲ್ಲ.

ವಿಚಾರಣೆ ನೋಡಲು ದಿನಕ್ಕೆ 1000 ಟಿಕೇಟುಗಳನ್ನು ಅಚ್ಚುಹಾಕಿಸಿ ಹಂಚಿದರು. ಅವುಗಳಿಗಾಗಿ ಜನ ಮುಗಿಬಿದ್ದರು. ಜಾನ್ಸನ್ ಅತ್ತ ಸುಳಿಯಲೇ ಇಲ್ಲ. ಅವರ ಕಡುವೈರಿ ಥಾಡಿಯಸ್ ಸ್ಟೀವನ್ಸ್ ಸಾವಿನ ಹೊಸ್ತಿಲಲ್ಲಿದ್ದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಾಗಿತ್ತು. ನ್ಯಾಯಾಧೀಶರಾಗಿ ಕುಳಿತವರು ಯಾರು ಯಾರು? ಟೆನೆಸಿಯ ಸೆನೆಟ್ ಸದಸ್ಯ ಡೇವಿಡ್ ಪ್ಯಾಟರ್ಸನ್ ಸ್ವತಃ ಜಾನ್ಸನ್ ಅವರ ಅಳಿಯ. ಉಪಾಧ್ಯಕ್ಷ ಸ್ಥಾನ ಖಾಲಿಯಿದ್ದುದರಿಂದ, ಜಾನ್ಸನ್ ಇಳಿದರೆ ಪಟ್ಟಕ್ಕೇರಬೇಕಾದವರು ಸೆನೆಟ್ಟಿನ ಹಂಗಾಮಿ ಸಭಾಪತಿ ಬೆಂಜಮಿನ್ ವೇಡ್. ಅವರೂ ಮತ ಹಾಕಿದರು! ಮಾವನ ವ್ಯಾಜ್ಯಕ್ಕೆ ಅಳಿಯನನ್ನೂ, ಆಸ್ತಿ ಸೇರಬೇಕಾದ ದಾಯಾದಿಯನ್ನೂ ನಮ್ಮ ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಒಟ್ಟಿಗೆ ಕೂರಿಸಿದರೆ ಜನ ನಗುತ್ತಿದ್ದರು. ವೇಡ್ ಹೆಂಗಸರಿಗೆ ಮತಾಧಿಕಾರ ಬೇಕೆನ್ನುವವರು, ಹಣಕಾಸಿನ ವಿಚಾರದಲ್ಲಿಯೂ ಕೆಲವರಿಗೆ ಹಿಡಿಸದವರು. ಜಾನ್ಸನ್ ಬೇಡ ಎಂದ ರಿಪಬ್ಲಿಕನ್ನರಲ್ಲಿಯೂ ವೇಡ್ ಬೇಕು ಎನ್ನುವವರು ಎಲ್ಲರೂ ಇರಲಿಲ್ಲ.

ಕೊನೆಗೆ ಏಳು ಮಂದಿ ರಿಪಬ್ಲಿಕನ್ನರು ಪಕ್ಷದ ಗೆರೆ ದಾಟಿದರು. ಅವರಲ್ಲಿ ಅಯೋವಾದ ಜೇಮ್ಸ್ ಗ್ರೈಮ್ಸ್ ಅವರಿಗೆ ಕೆಲವೇ ದಿನಗಳ ಹಿಂದೆ ಪಾರ್ಶ್ವವಾಯು ಬಡಿದಿತ್ತು. ಮತ ಕೊಡಲು ಅವರನ್ನು ಹೊತ್ತು ತಂದರು. ಕನ್ಸಾಸಿನ ಎಡ್ಮಂಡ್ ರಾಸ್ ಕೊನೆಯವರೆಗೂ ತಮ್ಮ ಮನಸ್ಸನ್ನು ಬಿಟ್ಟುಕೊಟ್ಟಿರಲಿಲ್ಲ. ಜಾನ್ ಕೆನಡಿಯವರ 'ಪ್ರೊಫೈಲ್ಸ್ ಇನ್ ಕರೇಜ್' ಎಂಬ 1956ರ ಪುಸ್ತಕ ಇವರನ್ನು ವೀರರ ಸಾಲಿನಲ್ಲಿ ನಿಲ್ಲಿಸಿತು. ಆದರೆ ತೀರ್ಪಾದ ಕೆಲವೇ ವಾರಗಳಲ್ಲಿ ಇದೇ ರಾಸ್ ತಮ್ಮ ಕಡೆಯವರಿಗೆ ಸರ್ಕಾರಿ ಹುದ್ದೆಗಳನ್ನು ಕೊಡಿಸುವಂತೆ ಜಾನ್ಸನ್ ಅವರನ್ನು ಕೇಳಿಕೊಂಡರೆಂಬುದೂ ದಾಖಲೆಯಲ್ಲಿದೆ. ಇನ್ನು ಕೆಲವರಿಗೆ ಒಳಗಿಂದೊಳಗೆ ಭರವಸೆಗಳು ಹೋಗಿದ್ದವು: ಯುದ್ಧಖಾತೆಗೆ ಎಲ್ಲರಿಗೂ ಒಪ್ಪಿತರಾದ ಜನರಲ್ ಸ್ಕೋಫೀಲ್ಡ್ ಅವರನ್ನು ನೇಮಿಸುವುದು, ದಕ್ಷಿಣದ ವಿಷಯದಲ್ಲಿ ಇನ್ನು ತಂಟೆ ಮಾಡದಿರುವುದು. ಆತ್ಮಸಾಕ್ಷಿಯೂ ಲೆಕ್ಕಾಚಾರವೂ ಒಂದೇ ಮತದಲ್ಲಿ ಬೆರೆತಿದ್ದವು. ಅವನ್ನು ಬೇರೆ ಮಾಡಿ ತೂಗುವ ತಕ್ಕಡಿ ಇಲ್ಲ.

ಮೇ 26ರಂದು ಇನ್ನೆರಡು ಆರೋಪಗಳ ಮೇಲೆ ಮತ ಹಾಕಿದಾಗಲೂ ಅದೇ 35ಕ್ಕೆ 19. ವಿಚಾರಣೆ ಅಲ್ಲಿಗೆ ಮುಗಿಯಿತು. ಸ್ಟಾಂಟನ್ ಕಚೇರಿ ಬಿಟ್ಟರು. ಆ ಕಾನೂನು 1887ರಲ್ಲಿ ರದ್ದಾಯಿತು; ಅಂತಹ ನಿರ್ಬಂಧ ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 1926ರಲ್ಲಿ ಹೇಳಿತು. ಜಾನ್ಸನ್ 1875ರಲ್ಲಿ ಟೆನೆಸಿಯಿಂದ ಗೆದ್ದು ಅದೇ ಸೆನೆಟ್ಟಿಗೆ ಸದಸ್ಯರಾಗಿ ಮರಳಿದರು, ಆ ವರ್ಷವೇ ತೀರಿಕೊಂಡರು. ಅಧ್ಯಕ್ಷ ಪದವಿ ಕಾಂಗ್ರೆಸ್ಸಿನ ಕೈಗೊಂಬೆಯಾಗುವುದು ತಪ್ಪಿತೆಂದು ಬಹುಕಾಲ ಇತಿಹಾಸಕಾರರು ಆ ಏಳು ಮಂದಿಯನ್ನು ಹೊಗಳಿದರು. ದಕ್ಷಿಣದ ಕಪ್ಪು ಜನರ ಕಡೆಯಿಂದ ನೋಡಿ ಬರೆದವರು ಆ ಹೊಗಳಿಕೆಯನ್ನು ಒಪ್ಪಲಿಲ್ಲ.

ಕಾಗದದ ದೂರೂ ಎದೆಯ ದೂರೂ ಒಂದಾದರೆ ಏನಾಗುವುದೆಂಬುದು ತಿಳಿದದ್ದು 1974ರಲ್ಲಿ. ವಾಟರ್‌ಗೇಟ್ ಹಗರಣದಲ್ಲಿ ರಿಚರ್ಡ್ ನಿಕ್ಸನ್ ಅವರ ಪರವಾಗಿ ಪಕ್ಷದವರು ಬಹುದಿನ ನಿಂತರು. ಜುಲೈ 27ರಂದು ಪ್ರತಿನಿಧಿ ಸಭೆಯ ನ್ಯಾಯಸಮಿತಿ 27ಕ್ಕೆ 11 ಮತಗಳಿಂದ ಮೊದಲ ಆರೋಪವನ್ನು ಅಂಗೀಕರಿಸಿತು. ಅವರ ಪಕ್ಷದ ಆರು ಮಂದಿ ಆ 27ರಲ್ಲಿದ್ದರು. ಸಮಿತಿಯ ಸದಸ್ಯೆ, ಟೆಕ್ಸಾಸಿನ ಬಾರ್ಬರಾ ಜೋರ್ಡನ್, ಎರಡು ದಿನ ಮುಂಚೆ ಆಡಿದ ಮಾತುಗಳನ್ನು ದೂರದರ್ಶನದಲ್ಲಿ ದೇಶವೇ ಕೇಳಿತು. ಸಂವಿಧಾನ ಬರೆದಾಗ ಅದರ 'ಜನರು' ಎಂಬ ಮಾತಿನಲ್ಲಿ ತನ್ನಂತಹ ಕಪ್ಪು ಹೆಂಗಸು ಸೇರಿರಲಿಲ್ಲವೆಂದು ನೆನಪಿಸಿ, ಅದೇ ಸಂವಿಧಾನದಲ್ಲಿ ತನ್ನ ನಂಬಿಕೆ ಪೂರ್ಣವಾಗಿದೆಯೆಂದು ಆಕೆ ಹೇಳಿದರು. ಜಾನ್ಸನ್ ಅವರ ಆರೋಪಪಟ್ಟಿಯಲ್ಲಿ ಸರಿಯಾಗಿ ಜಾಗ ಸಿಗದಿದ್ದ ಜನರ ಪೀಳಿಗೆಯವರು ಈಗ ಆರೋಪ ಹೊರಿಸುವ ಪೀಠದಲ್ಲಿದ್ದರು. ಆಗಸ್ಟ್ 5ರಂದು, ತನಿಖೆಯನ್ನು ತಡೆಯಲು ನಿಕ್ಸನ್ ಅವರೇ ಸೂಚಿಸಿದ್ದ ಮಾತುಗಳ ಧ್ವನಿಮುದ್ರಿಕೆ ಹೊರಬಂತು. ಸಮಿತಿಯಲ್ಲಿ ಅವರ ಪರ ಮತ ಕೊಟ್ಟಿದ್ದ ಸ್ವಪಕ್ಷದವರೇ ಮನಸ್ಸು ಬದಲಿಸಿದರು. ಆಗಸ್ಟ್ 7ರಂದು ಪಕ್ಷದ ಹಿರಿಯರು ಶ್ವೇತಭವನಕ್ಕೆ ಹೋಗಿ, ಸೆನೆಟ್ಟಿನಲ್ಲಿ ಉಳಿಸುವಷ್ಟು ಮತಗಳಿಲ್ಲವೆಂದು ತಿಳಿಸಿದರು. ಆಗಸ್ಟ್ 9ರಂದು ನಿಕ್ಸನ್ ಪದವಿ ಬಿಟ್ಟರು. ಸೆನೆಟ್ ವಿಚಾರಣೆಯ ಅಗತ್ಯವೇ ಬೀಳಲಿಲ್ಲ.

ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. 1998ರಲ್ಲಿ ಬಿಲ್ ಕ್ಲಿಂಟನ್ ಅವರ ಮೇಲೆ ಪ್ರಮಾಣ ಮಾಡಿ ಸುಳ್ಳು ನುಡಿದ ಆರೋಪ ಬಂತು. ಸುಳ್ಳು ನುಡಿದದ್ದು ಖಾಸಗಿ ಸಂಬಂಧವೊಂದನ್ನು ಮುಚ್ಚಿಡಲು. ಇದು ರಾಜ್ಯಕ್ಕೆ ಬಗೆದ ದ್ರೋಹವೇ ಎಂದು ಜನ ಕೇಳಿದರು. ಒಂದು ಆರೋಪಕ್ಕೆ 45, ಇನ್ನೊಂದಕ್ಕೆ 50 ಮತಗಳು ಬಿದ್ದು, 67ರ ಗಡಿ ದೂರವೇ ಉಳಿಯಿತು. ಡೊನಾಲ್ಡ್ ಟ್ರಂಪ್ ಅವರ ಮೇಲೆ ಎರಡು ಸಲ ಮಹಾಭಿಯೋಗವಾಯಿತು. 2020ರಲ್ಲಿ ಅವರ ಪಕ್ಷದಿಂದ ಮಿಟ್ ರಾಮ್ನಿ ಒಬ್ಬರೇ ಅಪರಾಧಿ ಎಂದರು. ಸ್ವಪಕ್ಷದ ಅಧ್ಯಕ್ಷರ ವಿರುದ್ಧ ಹಾಗೆ ಮತ ಕೊಟ್ಟ ಮೊದಲ ಸೆನೆಟ್ ಸದಸ್ಯರು ಅವರು. 2021ರ ಫೆಬ್ರವರಿಯಲ್ಲಿ, ಶಾಸನಭವನದ ಮೇಲೆ ನಡೆದ ದಾಳಿಯ ವಿಷಯದಲ್ಲಿ, ಅವರ ಪಕ್ಷದ ಏಳು ಮಂದಿ ಗೆರೆ ದಾಟಿದರು. ಮತ್ತೆ ಏಳು! 57ಕ್ಕೆ 43, ಇನ್ನೂ ಹತ್ತು ಬೇಕಾಗಿತ್ತು.

ನಮ್ಮ ದೇಶದಲ್ಲಿ ಹೇಗೆ ಎಂದು ವಾಚಕರು ಕೇಳಬಹುದು. ನಮ್ಮ ಸಂವಿಧಾನದ 61ನೆಯ ವಿಧಿಯಲ್ಲಿ ರಾಷ್ಟ್ರಪತಿಗಳ ಮೇಲೆ ಮಹಾಭಿಯೋಗಕ್ಕೆ ಅವಕಾಶವಿದೆ. ಕಾರಣ ಒಂದೇ: ಸಂವಿಧಾನದ ಉಲ್ಲಂಘನೆ. ಹದಿನಾಲ್ಕು ದಿನಗಳ ಮುನ್ಸೂಚನೆ ಬೇಕು, ಎರಡು ಸದನಗಳಲ್ಲಿಯೂ ಒಟ್ಟು ಸದಸ್ಯಸಂಖ್ಯೆಯ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ನಮ್ಮ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯುವವರಾದ್ದರಿಂದ ಈ ಅಸ್ತ್ರ ಒರೆಯಿಂದ ಹೊರಬಂದಿಲ್ಲ. ನಮ್ಮಲ್ಲಿ ಪಕ್ಷವೂ ನ್ಯಾಯವೂ ಮುಖಾಮುಖಿಯಾದದ್ದು ನ್ಯಾಯಾಧೀಶರೊಬ್ಬರನ್ನು ತೆಗೆಯುವ ಪ್ರಶ್ನೆಯಲ್ಲಿ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ಮೇಲಿನ ಆರೋಪಗಳಲ್ಲಿ ಹಲವು ರುಜುವಾತಾಗಿವೆಯೆಂದು ಮೂವರು ನ್ಯಾಯಾಧೀಶರ ಸಮಿತಿ ವರದಿ ಕೊಟ್ಟಿತ್ತು. 1993ರ ಮೇ ತಿಂಗಳಲ್ಲಿ ಲೋಕಸಭೆ ಅವರ ಪರ ವಕೀಲರ ವಾದವನ್ನೂ ಕೇಳಿತು. ತೆಗೆಯಬೇಕೆಂದು 196 ಮಂದಿ ಮತ ಕೊಟ್ಟರು. ಬೇಡವೆಂದು ಒಬ್ಬರೂ ಹೇಳಲಿಲ್ಲ. ಆಳುವ ಪಕ್ಷವೂ ಅದರ ಮಿತ್ರರೂ ಸೇರಿ 205 ಮಂದಿ ತಟಸ್ಥರಾಗಿ ಕುಳಿತರು. ಒಟ್ಟು ಸದಸ್ಯರ ಬಹುಮತ ಬಾರದೆ ಸೂಚನೆ ಬಿದ್ದುಹೋಯಿತು. ರಾಮಸ್ವಾಮಿಯವರು 1994ರಲ್ಲಿ ವಯೋಮಿತಿಯಂತೆ ನಿವೃತ್ತರಾದರು.