ಮಳೆಕಾಡಿನ ಪಾಠಶಾಲೆ, ಎರೆನಾಡಿನ ಲೆಕ್ಕ

ಮಳೆಯ ಲೆಕ್ಕ ಹಿಡಿದು ನೋಡಿದರೆ ಕರ್ನಾಟಕದೊಳಗೆ ಎರಡು ಬೇರೆ ಬೇರೆ ಲೋಕಗಳಿವೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿ ಸೀಮೆಯಲ್ಲಿ ವರ್ಷವಿಡೀ ಕಾದರೂ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಸುರಿಯುವ ನೀರು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗೆ ಮೂರು ವರ್ಷಕ್ಕೆ ಸಾಕು.

ಇಂಥ ಬಿಸಿಲು ಸೀಮೆಯವರಿಗೆ ಮಳೆಕಾಡಿನ ನಡುವೆ ಇರುವ ಅಧ್ಯಯನ ಕೇಂದ್ರಗಳ ಮಾತು ದೂರದ್ದೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಜೀವಿಗಳಿಗೂ ಅವು ಬದುಕುವ ನೆಲ, ನೀರು, ಗಾಳಿಗೂ ಇರುವ ಸಂಬಂಧವನ್ನು ಶೋಧಿಸುವ ಪರಿಸರ ವಿಜ್ಞಾನವನ್ನು ಓದಬೇಕೆಂದು ಹೊರಟವರ ದಾರಿ ಅನೇಕ ಸಲ ಇಂಥದೊಂದು ಕೇಂದ್ರದ ಬಾಗಿಲಿಗೇ ಹೋಗಿ ಮುಟ್ಟುತ್ತದೆ. ಅದು ಮಧ್ಯ ಅಮೆರಿಕದ ಕೋಸ್ಟರಿಕ ಇರಬಹುದು, ಪನಾಮ ಇರಬಹುದು, ಬೋರ್ನಿಯೊ ದ್ವೀಪ ಇರಬಹುದು, ಇಲ್ಲವೇ ನಮ್ಮದೇ ಆಗುಂಬೆ ಇರಬಹುದು. ಅಷ್ಟು ದೂರದ ಕಾಡಿನಲ್ಲಿ ಕಲಿಯುವುದೇನು? ಆ ಕಲಿಕೆಯಿಂದ ಎರೆಭೂಮಿಗೆ ಏನಾದರೂ ಪ್ರಯೋಜನ ಉಂಟೆ?

ಕಾಡಿನ ನಡುವಿನ ತರಗತಿ

ಮಳೆಕಾಡಿನ ಕ್ಷೇತ್ರ ಕೇಂದ್ರ ಎಂದರೆ ದೊಡ್ಡ ಕಟ್ಟಡವೇನೂ ಅಲ್ಲ. ಮಲಗಲು ನಾಲ್ಕು ಕೋಣೆ, ಊಟದ ಮನೆ, ಮಾದರಿಗಳನ್ನು ಒಣಗಿಸಿ ಇಡಲು ಒಂದು ಪ್ರಯೋಗಶಾಲೆ, ಸುತ್ತ ಕಾಲುದಾರಿಗಳು. ಬಹುತೇಕ ಕೇಂದ್ರಗಳು ಶುರುವಾದದ್ದು ಹೀಗೆಯೇ. ಮುಖ್ಯವಾದದ್ದು ಕಟ್ಟಡವಲ್ಲ, ಅದರ ಸುತ್ತ ಕೈಯಾಡಿಸದೆ ಉಳಿಸಿಕೊಂಡ ಕಾಡು.

ಪನಾಮದ ಬಾರೊ ಕೊಲರಾಡೊ ದ್ವೀಪದ ಕತೆ ಸ್ವಾರಸ್ಯಕರವಾಗಿದೆ. ಪನಾಮ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ತಗ್ಗು ಪ್ರದೇಶವೆಲ್ಲ ಮುಳುಗಿ, ಒಂದು ಗುಡ್ಡದ ನೆತ್ತಿ ಮಾತ್ರ ನೀರಿನ ಮೇಲೆ ಉಳಿಯಿತು. 1923ರಲ್ಲಿ ಆ ದ್ವೀಪವನ್ನು ವಿಜ್ಞಾನಕ್ಕೆಂದೇ ಮೀಸಲಿಡಲಾಯಿತು. 1946ರಿಂದ ಅದು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸುಪರ್ದಿನಲ್ಲಿದೆ. ಕೋಸ್ಟರಿಕದ ಲಾ ಸೆಲ್ವ ಕೇಂದ್ರ ಮೊದಲು ಲೆಸ್ಲಿ ಹೋಲ್ಡ್‌ರಿಜ್ ಎಂಬ ಸಸ್ಯವಿಜ್ಞಾನಿಯ ತೋಟವಾಗಿತ್ತು. ಹಲವು ವಿಶ್ವವಿದ್ಯಾಲಯಗಳು ಸೇರಿ 1963ರಲ್ಲಿ ಕಟ್ಟಿದ ಉಷ್ಣವಲಯ ಅಧ್ಯಯನ ಸಂಘಟನೆ 1968ರಲ್ಲಿ ಅದನ್ನು ಕೊಂಡುಕೊಂಡಿತು. ಈ ಸಂಘಟನೆ ನಡೆಸುವ ಕ್ಷೇತ್ರ ಶಿಬಿರಗಳಲ್ಲಿ ಹಲವು ತಲೆಮಾರಿನ ಪರಿಸರ ವಿಜ್ಞಾನಿಗಳು ತಯಾರಾಗಿದ್ದಾರೆ.

ಇಲ್ಲಿಗೆ ಬಂದ ವಿದ್ಯಾರ್ಥಿಗೆ ಮೊದಲ ಪಾಠ ಹೇಳುವುದು ಮೈಯೇ. ಬಟ್ಟೆ ಒಣಗುವುದಿಲ್ಲ, ಪುಸ್ತಕದ ರಟ್ಟಿಗೆ ಬೂಸಲು ಹಿಡಿಯುತ್ತದೆ, ದುರ್ಬೀನಿನ ಗಾಜಿನೊಳಗೂ ಶಿಲೀಂಧ್ರ ಬೆಳೆಯುತ್ತದೆ. ಆಗುಂಬೆಯಾದರೆ ಕಾಲಿಗೆ ಉಂಬಳ ತಪ್ಪಿದ್ದಲ್ಲ. ಕಾಡು ಸಾಕ್ಷ್ಯಚಿತ್ರದಲ್ಲಿ ಕಂಡಂತೆ ಪ್ರಾಣಿಗಳಿಂದ ಗಿಜಿಗುಡುವುದೂ ಇಲ್ಲ. ಇಡೀ ದಿನ ನಡೆದರೂ ಕಾಣುವುದು ಎಲೆ, ಬೇರು ಮತ್ತು ಹನಿಯುವ ನೀರು. ಕಣ್ಣು ಪಳಗಲು ವಾರಗಳು ಬೇಕು. ಎಲೆಯ ಮೇಲಿನ ಕಚ್ಚಿದ ಗುರುತು ಯಾವ ಹುಳುವಿನದು, ನೆಲಕ್ಕೆ ಬಿದ್ದ ಹಣ್ಣನ್ನು ಕಡಿದದ್ದು ಇಲಿಯೋ ಬಾವಲಿಯೋ ಎಂಬಂಥ ಸಣ್ಣ ಪ್ರಶ್ನೆಗಳಿಂದ ಅಭ್ಯಾಸ ಆರಂಭವಾಗುತ್ತದೆ.

ಮರಕ್ಕೊಂದು ನಂಬರು

ಎರಡನೆಯ ಪಾಠ ಎಣಿಕೆ. ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ ಎಂಬ ಇಬ್ಬರು ವಿಜ್ಞಾನಿಗಳು 1980ರಲ್ಲಿ ಬಾರೊ ಕೊಲರಾಡೊ ದ್ವೀಪದ 50 ಹೆಕ್ಟೇರ್ ಕಾಡನ್ನು ಗುರುತು ಹಾಕಿಕೊಂಡು, ಎದೆಮಟ್ಟದಲ್ಲಿ ಒಂದು ಸೆಂಟಿಮೀಟರ್ ದಪ್ಪವಿರುವ ಗಿಡದಿಂದ ಹಿಡಿದು ಪ್ರತಿಯೊಂದು ಮರಕ್ಕೂ ನಂಬರಿನ ಬಿಲ್ಲೆ ಕಟ್ಟಿಸಿದರು. 1982ರಲ್ಲಿ ಮೊದಲ ಎಣಿಕೆ ಮುಗಿದಾಗ ಎರಡು ಲಕ್ಷಕ್ಕೂ ಹೆಚ್ಚು ಗಿಡಮರಗಳು, ಸುಮಾರು 300 ಜಾತಿಗಳು ದಾಖಲಾಗಿದ್ದವು. ಆಮೇಲೆ 1985ರಿಂದ ಐದು ವರ್ಷಕ್ಕೊಮ್ಮೆ ಅದೇ ಮರಗಳನ್ನು ಮತ್ತೆ ಅಳೆಯುವ ಕ್ರಮ ಬಂತು. ಯಾವುದು ಸತ್ತಿತು, ಯಾವುದು ಹುಟ್ಟಿತು, ಯಾವುದು ಎಷ್ಟು ದಪ್ಪವಾಯಿತು ಎಂಬ ಜಮಾಖರ್ಚು ಅದು.

ಇಷ್ಟು ಕಷ್ಟಪಡುವುದೇಕೆ? ಮಳೆಕಾಡಿನ ಒಂದು ಮೂಲೆಯಲ್ಲಿ ನೂರಾರು ಜಾತಿಯ ಮರಗಳು ಒಟ್ಟಿಗೆ ಇರುವುದು ಹೇಗೆ, ಬಲವಾದ ಒಂದೇ ಜಾತಿ ಉಳಿದವನ್ನೆಲ್ಲ ನುಂಗಿಹಾಕುವುದಿಲ್ಲವೇಕೆ ಎಂಬುದು ಹಳೆಯ ಒಗಟು. 1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ತಾಯಿಮರದ ಬುಡದಲ್ಲಿ ಬೀಜ ಹೆಚ್ಚು ಬೀಳುತ್ತದೆ. ಆದರೆ ಆ ಜಾತಿಯನ್ನೇ ತಿನ್ನುವ ಹುಳುಗಳೂ ಕಾಡುವ ರೋಗಗಳೂ ಅಲ್ಲೇ ಹೆಚ್ಚು. ಹಾಗಾಗಿ ತಾಯಿಯ ಹತ್ತಿರ ಮೊಳೆತದ್ದು ಸಾಯುತ್ತದೆ, ದೂರ ಹೋದದ್ದು ಬದುಕುತ್ತದೆ, ನಡುವಿನ ಜಾಗ ಬೇರೆ ಜಾತಿಗೆ ಸಿಗುತ್ತದೆ. ಹೇಳಲು ಸುಲಭವಾದ ಈ ಮಾತನ್ನು ಒರೆಗೆ ಹಚ್ಚಲು ದಶಕಗಟ್ಟಲೆ ಸಸಿಗಳನ್ನು ಎಣಿಸಬೇಕಾಯಿತು.

ಈ ಪದ್ಧತಿ ನಮ್ಮ ಕಡೆಗೂ ಬಂದಿದೆ. ಮಾಧವ ಗಾಡ್ಗೀಳ್ ಅವರು 1983ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಅದೇ ಕೇಂದ್ರದ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1988ರ ಹೊತ್ತಿಗೆ ಬಂಡೀಪುರಕ್ಕೆ ತಾಗಿದ ಮುದುಮಲೈ ಕಾಡಿನಲ್ಲಿ ಪನಾಮದಂತೆಯೇ 50 ಹೆಕ್ಟೇರ್ ಗುರುತಿಸಿ ಮರಗಳಿಗೆ ಬಿಲ್ಲೆ ಕಟ್ಟಿದರು. ಅದು ಮಳೆಕಾಡಲ್ಲ, ಎಲೆ ಉದುರುವ ಒಣಕಾಡು. ಅಲ್ಲಿ ಸಿಕ್ಕ ಜಾತಿಗಳು 70ರ ಆಸುಪಾಸು. ಆದರೆ ಬೆಂಕಿ, ಬರ ಮತ್ತು ಆನೆಗಳ ಮೇವು ಸೇರಿ ಒಂದು ಕಾಡನ್ನು ಹೇಗೆ ತಿದ್ದುತ್ತವೆ ಎಂಬುದು ಆ ಎಣಿಕೆಯಿಂದಲೇ ತಿಳಿಯತೊಡಗಿತು.

ಆಗುಂಬೆಯ ಕಾಳಿಂಗ

ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಮನೆಮಾತಾದ ಆಗುಂಬೆಗೆ 2005ರಲ್ಲಿ ಇನ್ನೊಂದು ಗುರುತು ಸೇರಿತು. ಹಾವುಗಳ ತಜ್ಞ ರಾಮುಲಸ್ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 2008ರಲ್ಲಿ ಆ ಕೇಂದ್ರದವರು ಕಾಳಿಂಗ ಸರ್ಪಗಳ ಮೈಯೊಳಗೆ ಪುಟ್ಟ ರೇಡಿಯೊ ಸಾಧನ ಇರಿಸಿ, ಅವು ಹೋದಲ್ಲೆಲ್ಲ ಹಿಂಬಾಲಿಸುವ ಕೆಲಸ ಕೈಗೊಂಡರು. ಬೆಳಗಾಗುವ ಮುಂಚೆ ಹಾವಿದ್ದ ಕಡೆ ಹೋಗಿ, ಅದು ರಾತ್ರಿ ತಂಗುವವರೆಗೂ ದೂರದಿಂದ ಕಾಯುವುದು, ಎಲ್ಲಿ ಹೋಯಿತು, ಏನು ತಿಂದಿತು ಎಂದು ಬರೆದಿಡುವುದು, ದಿನವೂ ಇದೇ.

ಇದರ ಫಲ ಊರವರಿಗೂ ತಟ್ಟುವಂಥದು. ಮನೆಯ ಬಳಿ ಬಂದ ಕಾಳಿಂಗನನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಒಳ್ಳೆಯದಾಯಿತು ಎಂಬ ನಂಬಿಕೆ ಇತ್ತು. ಹಾಗೆ ಬಿಟ್ಟ ಹಾವು ಹೊಸ ಜಾಗದಲ್ಲಿ ನೆಲೆ ನಿಲ್ಲದೆ ಬಹುದೂರ ಅಲೆಯುವುದು ಅಧ್ಯಯನದಲ್ಲಿ ಕಂಡುಬಂತು. ಹಿಡಿದ ಜಾಗದ ಹತ್ತಿರವೇ ಬಿಡುವುದು ಮೇಲು ಎಂಬ ತಿಳಿವು ಹೀಗೆ ಗಟ್ಟಿಯಾಯಿತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಹ ವಿಜ್ಞಾನಿಗಳು, ಒಂದೇ ಜಾತಿ ಎಂದು ತಿಳಿದಿದ್ದ ಕಾಳಿಂಗ ಸರ್ಪ ನಿಜವಾಗಿ ನಾಲ್ಕು ಜಾತಿ ಎಂದು ತೋರಿಸಿದರು. ಪಶ್ಚಿಮ ಘಟ್ಟದ ಜಾತಿಗೆ ಅವರು ಇಟ್ಟ ಹೆಸರು ‘ಒಫಿಯೊಫೇಗಸ್ ಕಾಳಿಂಗ’. ಕನ್ನಡಿಗರ ಬಾಯಲ್ಲಿದ್ದ ಹೆಸರೇ ಜಗತ್ತಿನ ವಿಜ್ಞಾನದ ಹೆಸರಾಯಿತು. ಊರವರ ತಿಳಿವಳಿಕೆಗೂ ಕೇಂದ್ರದ ದಾಖಲೆಗೂ ಸಂಬಂಧ ಕೂಡಿದರೆ ಆಗುವುದು ಹೀಗೆ.

ಒಣಕಾಡಿನತ್ತ ತಿರುಗಿದವರು

ಮೇಲೆ ಹೇಳಿದ ಡೇನಿಯಲ್ ಜಾನ್ಜೆನ್ 1963ರಲ್ಲಿ ಕೋಸ್ಟರಿಕಕ್ಕೆ ಬಂದದ್ದು ವಿದ್ಯಾರ್ಥಿಯಾಗಿ, ಇಂಥದೇ ಒಂದು ಕ್ಷೇತ್ರ ಶಿಬಿರಕ್ಕೆ. ಆದರೆ ಮುಂದೆ ಅವರು ಬಹುಕಾಲ ದುಡಿದದ್ದು ಆ ದೇಶದ ವಾಯವ್ಯದ ಗ್ವಾನಕಾಸ್ಟೆ ಎಂಬ ಸೀಮೆಯಲ್ಲಿ. ವರ್ಷದಲ್ಲಿ ಆರು ತಿಂಗಳು ಅಲ್ಲಿ ಮಳೆಯಿಲ್ಲ. ಎಲೆ ಉದುರಿ ಕಾಡು ಬೋಳಾಗುತ್ತದೆ. ಜನ ಅದನ್ನು ಕಡಿದು ದನದ ಹುಲ್ಲುಗಾವಲು ಮಾಡಿಕೊಂಡಿದ್ದರು. ಮಳೆಕಾಡಿಗಾಗಿ ಜಗತ್ತೆಲ್ಲ ಮರುಗುತ್ತಿದ್ದಾಗ, ಉಷ್ಣವಲಯದ ಕಾಡುಗಳಲ್ಲಿ ಹೆಚ್ಚು ಅಪಾಯದಲ್ಲಿರುವುದು ಒಣಕಾಡೇ ಎಂದು 1988ರಲ್ಲಿ ಜಾನ್ಜೆನ್ ಬರೆದರು.

ಅವರೂ ಅವರ ಪತ್ನಿ ವಿನಿ ಹಾಲ್‌ವಾಕ್ಸ್ ಅವರೂ ಹಿಡಿದ ದಾರಿ ಸರಳವಾಗಿತ್ತು. ಮೊದಲು ಬೆಂಕಿ ನಿಲ್ಲಿಸಬೇಕು. ಗಾಳಿಯೂ ಹಕ್ಕಿಯೂ ಪ್ರಾಣಿಗಳೂ ಬೀಜ ತರುತ್ತವೆ. ಉಳಿದದ್ದನ್ನು ಕಾಲ ಮಾಡುತ್ತದೆ. 1989ರಿಂದ ಸ್ಥಳೀಯ ರೈತರಿಗೆ, ಕೂಲಿಕಾರರಿಗೆ, ಗೃಹಿಣಿಯರಿಗೆ ತರಬೇತಿ ಕೊಟ್ಟು, ಹುಳುಹುಪ್ಪಟೆಗಳನ್ನು ಗುರುತಿಸಿ ದಾಖಲಿಸುವ ಕೆಲಸಕ್ಕೆ ತೊಡಗಿಸಲಾಯಿತು. ಆ ಸೀಮೆಯ ಚಿಟ್ಟೆ, ಪತಂಗಗಳ ಮರಿಹುಳುಗಳ ಬಗ್ಗೆ ಇಂದು ಇರುವ ಅಪಾರ ದಾಖಲೆ ಬಹುಪಾಲು ಇವರ ದುಡಿಮೆ. 1999ರಲ್ಲಿ ಗ್ವಾನಕಾಸ್ಟೆ ಸಂರಕ್ಷಣಾ ಪ್ರದೇಶ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಎಡೆದೊರೆಯನ್ನು ಓದಿದವರು

ಗ್ವಾನಕಾಸ್ಟೆಯ ಮಳೆ ಸಿಂಧನೂರಿಗಿಂತ ಹೆಚ್ಚು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಅಲ್ಲಿ ನಡೆದ ಕೆಲಸ ನಮ್ಮ ನೆಲದ ಬಗ್ಗೆ ಒಂದು ಪ್ರಶ್ನೆ ಎತ್ತುತ್ತದೆ. ಎಡೆದೊರೆ ನಾಡನ್ನು ಕಂಡು ಓದಿದವರು ಯಾರು?

ಮನುಷ್ಯನ ಚರಿತ್ರೆಯ ಮಟ್ಟಿಗೆ ಅಂಥವರು ಬೇಕಾದಷ್ಟಿದ್ದಾರೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇರುವ ಶಾಸನವನ್ನು ಕಂಡವನು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಲಿಂಗಸೂಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1950ರ ದಶಕದ ಆರಂಭದಲ್ಲಿ ಉತ್ಖನನ ಮಾಡಿದವರು ಇಂಗ್ಲೆಂಡಿನ ರೇಮಂಡ್ ಆಲ್ಚಿನ್. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆಸಿದರು. 2010ರಲ್ಲಿ ಆರಂಭವಾದ ಮಸ್ಕಿ ಪುರಾತತ್ವ ಸಂಶೋಧನಾ ಯೋಜನೆಯಲ್ಲಿ ಹೊರದೇಶದ ವಿದ್ವಾಂಸರೂ ಭಾರತೀಯರೂ ಜೊತೆಯಾಗಿ, ಹಳೆಯ ಜನವಸತಿಗಳನ್ನೂ ಅವುಗಳ ಸುತ್ತಲಿನ ಮಣ್ಣನ್ನೂ ಶೋಧಿಸಿದರು.

ಇವರ ಶೋಧಗಳಲ್ಲಿ ಪರಿಸರದ ಪಾಠವೂ ಅಡಗಿದೆ. ಈ ಭಾಗದಲ್ಲೂ ನೆರೆಯ ಜಿಲ್ಲೆಗಳಲ್ಲೂ ಇರುವ ಬೂದಿದಿಬ್ಬಗಳನ್ನು ಜನ ಬಹುಕಾಲ ರಾಕ್ಷಸರ ಮೂಳೆ ಸುಟ್ಟ ಬೂದಿ ಎಂದುಕೊಂಡಿದ್ದರು. ಆಲ್ಚಿನ್ ಅವರಿಗೆ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬದಲ್ಲಿ ದನಗಳ ಗೊರಸಿನ ಗುರುತುಗಳು ಸಿಕ್ಕವು. ನವಶಿಲಾಯುಗದ ಜನ ದನ ಕೂಡುತ್ತಿದ್ದ ದೊಡ್ಡಿಗಳಲ್ಲಿ ಶೇಖರವಾದ ಸಗಣಿ ಸುಟ್ಟು ಆದ ದಿಬ್ಬಗಳು ಅವು. ಅಂದರೆ ಇಲ್ಲಿನ ಕುರುಚಲು ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳಿಂದ ಮಂದೆ ಮೇಯುತ್ತ ಬಂದಿದೆ. ಇಂದಿಗೂ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆಯುವ ರೂಢಿ ಇರುವ ನಾಡು ಇದು.

‘ಪಾಳು’ ಎಂಬ ಹೆಸರು

ಹೀಗಿದ್ದೂ ಸರ್ಕಾರದ ಪಾಳುಭೂಮಿ ನಕಾಶೆಗಳಲ್ಲಿ ಕುರುಚಲು ನೆಲಕ್ಕೂ ಕಲ್ಲುಗುಡ್ಡಕ್ಕೂ ಇರುವ ಹೆಸರು ಪಾಳುಭೂಮಿ. ಪಾಳು ಎಂದು ಬರೆದ ಮೇಲೆ ಅಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ತುಂಗಭದ್ರೆಯ ಆಚೆ ದಡದಲ್ಲಿ, ಸಿಂಧನೂರಿನ ನೆರೆಯ ಸಿರುಗುಪ್ಪದ ಎರೆಹೊಲಗಳಲ್ಲಿ, ಎರೆಭೂತ ಹಕ್ಕಿಗಳು ಬೆರಳೆಣಿಕೆಯಷ್ಟು ಉಳಿದಿರುವುದು ತಿಳಿದದ್ದು ಹಕ್ಕಿ ನೋಡುವ ಹವ್ಯಾಸಿಗಳು ಬೆನ್ನುಹತ್ತಿ ದಾಖಲಿಸಿದ್ದರಿಂದ.

ಈ ನೆಲ ಬದಲಾಗುತ್ತಲೇ ಬಂದಿದೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಸಿಂಧನೂರು ಭತ್ತದ ಕಣಜವಾಯಿತು. ಜೊತೆಗೆ ಸವಳು-ಜವಳೂ ಬಂತು. ಮಧ್ಯ ಅಮೆರಿಕದ ಕಡೆಯಿಂದ ಬಂದ ಬಳ್ಳಾರಿ ಜಾಲಿ ಗುಂಡುತೋಪು, ಹಳ್ಳದ ದಂಡೆಗಳನ್ನೆಲ್ಲ ಹಬ್ಬಿತು. ಆಡು ಕುರಿಗಳು ಅದರ ಕಾಯಿ ತಿನ್ನುತ್ತವೆ. ಹಿಕ್ಕೆಯಲ್ಲಿ ಬಿದ್ದ ಬೀಜ ಮೊಳೆಯುತ್ತದೆ. ಮಳೆಕಾಡಿನ ಕೇಂದ್ರದಲ್ಲಿ ವಿದ್ಯಾರ್ಥಿ ಕಲಿಯುವ ಬೀಜಪ್ರಸಾರದ ಪಾಠ ಇಲ್ಲಿ ಊರ ಬಾಗಿಲಲ್ಲೇ ನಡೆದಿದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಗಳು ಬೆಳೆಯನ್ನೂ ಸವಳು ಮಣ್ಣನ್ನೂ ಕುರಿತು ಕೆಲಸ ಮಾಡುತ್ತಿವೆ. ಆದರೆ ಕುರುಚಲು ಗುಡ್ಡದ ಜಮಾಖರ್ಚು ಇಡುವುದು ಅವುಗಳ ಮುಖ್ಯ ಕೆಲಸವಲ್ಲ.

ಆಗುಂಬೆಗೋ ಕೋಸ್ಟರಿಕಕ್ಕೋ ಹೋಗಿ ಕಲಿತವರು ತರಬಹುದಾದದ್ದು ಅಲ್ಲಿನ ಗಿಡಗಳ ಹೆಸರನ್ನಲ್ಲ, ಅಲ್ಲಿನ ಶಿಸ್ತನ್ನು: ಒಂದು ಜಾಗ ಗುರುತಿಸುವುದು, ಬಿಡದೆ ಎಣಿಸುವುದು, ಬರೆದಿಡುವುದು, ಅಲ್ಲಿನ ಜನರನ್ನೇ ಜೊತೆಗೆ ಹಚ್ಚಿಕೊಳ್ಳುವುದು. ಇದಕ್ಕೆ ದೊಡ್ಡ ಕಟ್ಟಡ ಬೇಡ. ಮಸ್ಕಿಯ ಗುಡ್ಡದಲ್ಲಿ ಒಂದು ಹೆಕ್ಟೇರ್, ಒಂದು ಮಳೆಮಾಪಕ, ಕಾಲೇಜಿನ ಹತ್ತು ಮಂದಿ, ಗಿಡಗಳ ಹೆಸರು ಬಲ್ಲ ಒಬ್ಬ ಕುರಿಗಾಹಿ ಇದ್ದರೆ ಮೊದಲ ಎಣಿಕೆ ಆಗುತ್ತದೆ. ಮುದುಮಲೈಯಲ್ಲಿ ಇಂದು ಯಾವ ಮರ ಕಡಿಮೆಯಾಗಿದೆ ಎಂದು ಹೇಳಲು ಸಾಧ್ಯವಾಗಿರುವುದು 1988ರ ಮೊದಲ ಎಣಿಕೆ ಇರುವುದರಿಂದ. ಆ ಮೊದಲ ಎಣಿಕೆಯೇ ಆಗದ ಕಡೆ ಏನು ಕಳೆದುಹೋಯಿತು ಎಂದು ಹೇಳಲು ಮುಂದೆ ಯಾರಿಂದಲೂ ಆಗುವುದಿಲ್ಲ.