ಸೆಕ್ಯೂರ್ ಬೂಟ್ ದೋಷ: ನಿದಾನ ಮತ್ತು ಪರಿಹಾರ

ವೈದ್ಯನು ಮದ್ದು ಕೊಡುವ ಮುನ್ನ ರೋಗನಿದಾನ ಮಾಡುವುದು ವಾಡಿಕೆ. ಮನೆಯ ಗಣಕಯಂತ್ರದ ವಿಷಯದಲ್ಲಿ ಮಾತ್ರ ಈ ಕ್ರಮವನ್ನು ಪಾಲಿಸುವವರು ವಿರಳ. ಮಕ್ಕಳು ಆಡುವ ಆಟವು ಸೆಕ್ಯೂರ್ ಬೂಟ್ ಬೇಕೆಂಬ ಸೂಚನೆ ತೋರಿಸಿ ನಿಂತೊಡನೆ, ಯಾರೋ ಹೇಳಿದ ಬದಲಾವಣೆಯನ್ನು ಆತುರದಿಂದ ಮಾಡಿ, ವಿಂಡೋಸ್ ತೆರೆಯದಂತಾದಾಗ ಡಿಸ್ಕನ್ನೇ ಅಳಿಸಿಬಿಡುವವರುಂಟು. ಆಗ ಆ ಡಿಸ್ಕಿನಲ್ಲಿದ್ದ ಮದುವೆಯ ಚಿತ್ರಗಳೂ ಲೆಕ್ಕಪತ್ರಗಳೂ ಹೋಗುತ್ತವೆ. ಈ ನಷ್ಟ ಬಹುಮಟ್ಟಿಗೆ ತಪ್ಪಿಸಬಹುದಾದದ್ದು.

ಸೆಕ್ಯೂರ್ ಬೂಟ್ ಎಂದರೇನು?

ಗಣಕಕ್ಕೆ ವಿದ್ಯುತ್ ಹರಿದಾಗ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್. ಅದರ ಹಳೆಯ ರೂಪ ಬಯೋಸ್, ಹೊಸ ರೂಪ ಯು.ಇ.ಎಫ್.ಐ. ವಿಂಡೋಸನ್ನು ಎಬ್ಬಿಸುವ ತಂತ್ರಾಂಶದ ಡಿಜಿಟಲ್ ಸಹಿಯನ್ನು ತನ್ನಲ್ಲಿರುವ ಕೀಲಿಗಳೊಡನೆ ತಾಳೆ ನೋಡಿ, ಸರಿಹೊಂದಿದರೆ ಮಾತ್ರ ಒಳಬಿಡುವ ಯು.ಇ.ಎಫ್.ಐ. ವ್ಯವಸ್ಥೆಯೇ ಸೆಕ್ಯೂರ್ ಬೂಟ್. 2012ರಲ್ಲಿ ವಿಂಡೋಸ್ 8ರೊಡನೆ ಇದು ವ್ಯಾಪಕವಾಗಿ ಬಳಕೆಗೆ ಬಂದಿತು. ಆಟದಲ್ಲಿ ಮೋಸಮಾಡಲು ನೆರವಾಗುವ ಕೆಲವು ತಂತ್ರಾಂಶಗಳು ವಿಂಡೋಸ್‌ಗಿಂತ ಮೊದಲೇ ನುಸುಳಿ ಅಡಗಬಲ್ಲವು. ಆದುದರಿಂದಲೇ ವಿಂಡೋಸ್ 11ರಲ್ಲಿ ಆಡುವ ವ್ಯಾಲೊರಂಟ್, 2025ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಮುಂತಾದ ಆಟಗಳು ಇದನ್ನು ಕಡ್ಡಾಯಗೊಳಿಸಿದವು.

ಮೊದಲು ಪರೀಕ್ಷೆ

ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ಎಂಬುದನ್ನು ಹುಡುಕಿ ತೆರೆದು, ಬಯೋಸ್ ಮೋಡ್ ಮತ್ತು ಸೆಕ್ಯೂರ್ ಬೂಟ್ ಸ್ಟೇಟ್ ಎಂಬ ಎರಡು ಸಾಲುಗಳನ್ನು ನೋಡಬೇಕು. ಮೊದಲ ಸಾಲಿನಲ್ಲಿ ಯು.ಇ.ಎಫ್.ಐ. ಎಂದೂ ಎರಡನೆಯದರಲ್ಲಿ ಆಫ್ ಎಂದೂ ಇದ್ದರೆ ದೋಷ ಸಾಮಾನ್ಯವಾದದ್ದು. ಫರ್ಮ್‌ವೇರಿನಲ್ಲಿ ಸೆಕ್ಯೂರ್ ಬೂಟನ್ನು ಚಾಲೂ ಮಾಡಿದರೆ ಸಾಕಾಗಬಹುದು. ಲೆಗಸಿ ಎಂದಿದ್ದರೆ ವಿಂಡೋಸ್ ಇರುವ ಡಿಸ್ಕು ಎಂ.ಬಿ.ಆರ್. ಎಂಬ ಹಳೆಯ ಕ್ರಮದಲ್ಲಿದೆ ಎಂದರ್ಥ. ಅಪಾಯವಿರುವುದು ಇಲ್ಲಿಯೇ. ಡಿಸ್ಕನ್ನು ಜಿ.ಪಿ.ಟಿ. ಕ್ರಮಕ್ಕೆ ತಾರದೆ ಫರ್ಮ್‌ವೇರನ್ನು ಮಾತ್ರ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಹಾಗಾದಾಗಲೂ ಗಾಬರಿ ಬೇಡ. ಹಳೆಯ ಆಯ್ಕೆಗೆ ಮರಳಿದರೆ ಅದು ಮೊದಲಿನಂತೆ ಏಳುತ್ತದೆ. ಕಡತಗಳು ಅಳಿದಿರುವುದಿಲ್ಲ.

ಚಿಕಿತ್ಸೆಯ ಕ್ರಮ

ಮೊದಲನೆಯದಾಗಿ, ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿಯ 48 ಅಂಕೆಗಳನ್ನು ಕಾಗದದಲ್ಲಿ ಬರೆದಿಟ್ಟು, ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು.

ಎರಡನೆಯದಾಗಿ, ಡಿಸ್ಕು ಎಂ.ಬಿ.ಆರ್. ಆಗಿದ್ದರೆ ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಪರಿವರ್ತಿಸಬೇಕು. 2017ರಿಂದೀಚಿನ ವಿಂಡೋಸ್ 10ರಲ್ಲಿಯೂ ವಿಂಡೋಸ್ 11ರಲ್ಲಿಯೂ ಇದು ಲಭ್ಯ. ಕಡತಗಳನ್ನು ಅಳಿಸದೆ ಪರಿವರ್ತಿಸುತ್ತದೆ. ಮೊದಲು ಪರಿಶೀಲನೆ, ಅದು ಸಫಲವಾದರೆ ಮಾತ್ರ ಪರಿವರ್ತನೆ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರಾಥಮಿಕ ಭಾಗಗಳಿದ್ದರೆ ಪರಿಶೀಲನೆಯಲ್ಲೇ ಅದು ನಿರಾಕರಿಸುತ್ತದೆ.

ಮೂರನೆಯದಾಗಿ, ಫರ್ಮ್‌ವೇರನ್ನು ಹೊಕ್ಕು ಸಿ.ಎಸ್.ಎಂ. ಎಂಬ ಹಳೆಯ ಹೊಂದಾಣಿಕೆಯನ್ನು ನಿಲ್ಲಿಸಿ, ವಿಂಡೋಸ್ ಸರಿಯಾಗಿ ಏಳುತ್ತದೆಯೇ ಎಂದು ನೋಡಿ, ಬಳಿಕ ಸೆಕ್ಯೂರ್ ಬೂಟನ್ನು ಚಾಲೂ ಮಾಡಬೇಕು. ಹಾಗೆ ಮಾಡಿದರೂ ವಿಂಡೋಸ್ ಆಫ್ ಎಂದೇ ತೋರಿಸಿದರೆ ಫರ್ಮ್‌ವೇರಿನಲ್ಲಿ ಕೀಲಿಗಳು ಇಲ್ಲದಿರುವುದು ಸಾಮಾನ್ಯ ಕಾರಣ. ಕಾರ್ಖಾನೆಯ ಮೂಲ ಕೀಲಿಗಳನ್ನು ಮರಳಿ ತುಂಬುವ ಆಯ್ಕೆ ಅಲ್ಲಿಯೇ ಇರುತ್ತದೆ.

ಸಿ.ಎಸ್.ಎಂ. ನಿಲ್ಲಿಸಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ, ಯು.ಇ.ಎಫ್.ಐ. ಅರಿಯದ ಹಳೆಯ ಗ್ರಾಫಿಕ್ಸ್ ಕಾರ್ಡ್ ಕಾರಣವಿರಬಹುದು. ಮದರ್‌ಬೋರ್ಡಿನ ಕೈಪಿಡಿಯಂತೆ ಫರ್ಮ್‌ವೇರನ್ನು ಮೂಲಸ್ಥಿತಿಗೆ ತರುವುದು ಇದಕ್ಕೆ ಉಪಾಯ.

ಎಲ್ಲ ಮುಗಿದ ಮೇಲೆ ಬಿಟ್‌ಲಾಕರನ್ನು ಮತ್ತೆ ಚಾಲೂ ಮಾಡಲು ಮರೆಯಬಾರದು. ಆಟ ಒಂದು ದಿನ ತಡವಾಗಿ ತೆರೆದರೆ ಹಾನಿಯಿಲ್ಲ. ಅಳಿದ ಚಿತ್ರಗಳು ಮರಳಿ ಬರುವುದು ಕಷ್ಟ. ಮನೆಯ ಹಿರಿಯರು ಮಕ್ಕಳ ಜೊತೆ ಕುಳಿತು, ಈ ಕ್ರಮವನ್ನು ತಪ್ಪದೆ ಅನುಸರಿಸುವುದು ಲೇಸು.