ಹಿಟ್ಟಿನೊಳಗಿನ ಕಬ್ಬಿಣ
ಹೊಟ್ಟೆ ತುಂಬ ಉಂಡವರಿಗೂ ರಕ್ತಹೀನತೆ ತಪ್ಪಿದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದೊಳಗಿನ ಕರ್ನಾಟಕದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರೆಂದು ಕಂಡುಬಂದಿತು. ನಾವುಣ್ಣುವ ರಾಗಿ, ಗೋಧಿಗಳಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ. ಅವುಗಳಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣವನ್ನು ಬಿಗಿಹಿಡಿದು, ಕರುಳು ಅದನ್ನು ಹೀರಿಕೊಳ್ಳದಂತೆ ತಡೆಯುತ್ತದೆ. ಮಕ್ಕಳ ಸರಿಗಾಗಿ ರಾಗಿಯನ್ನು ಮೊಳಕೆ ಕಟ್ಟಿಸುವಾಗ ಈ ಆಮ್ಲದ ಅಂಶ ತಗ್ಗುತ್ತದೆ. ನಮ್ಮ ಅಜ್ಜಿಯರು ರಸಾಯನಶಾಸ್ತ್ರವನ್ನು ಓದಿದವರಲ್ಲ!

ಹಾಗಾದರೆ ಹಿಟ್ಟಿಗೇ ಕಬ್ಬಿಣವನ್ನು ಬೆರೆಸಬಾರದೆ? ಬೆರೆಸಬಹುದು. ಆದರೆ ಫೆರಸ್ ಸಲ್ಫೇಟಿನಂತಹ ಲವಣವನ್ನು ಸೇರಿಸಿ ಬಹುಕಾಲ ಇಟ್ಟರೆ, ಹಿಟ್ಟಿನಲ್ಲಿರುವ ಕೊಬ್ಬು ಕೆಟ್ಟು ಕಮಟುವಾಸನೆ ಬರುತ್ತದೆ. ಸೋಡಿಯಂ ಐರನ್ ಇ.ಡಿ.ಟಿ.ಎ. ಎಂಬ ಲವಣದ ಕಬ್ಬಿಣವಾದರೋ ಫೈಟಿಕ್ ಆಮ್ಲಕ್ಕೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. 2018ರ ಭಾರತೀಯ ನಿಯಮಗಳಂತೆ, ಈ ರೂಪದಲ್ಲಾದರೆ ಸಾರವರ್ಧಿತ ಗೋಧಿಹಿಟ್ಟಿನ ಒಂದು ಕಿಲೋಗ್ರಾಮಿನಲ್ಲಿ 14ರಿಂದ 21.25 ಮಿಲಿಗ್ರಾಂ ಕಬ್ಬಿಣವಿರಬೇಕು. ಜೊತೆಗೆ ಫೋಲಿಕ್ ಆಮ್ಲವೂ ಬಿ-12 ಜೀವಸತ್ತ್ವವೂ ಇರಬೇಕು.

ಇಂತಹ ಕೆಲಸ ನಮ್ಮ ನಾಡಿಗೆ ಹೊಸತೇನಲ್ಲ. 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು, ಜೀವಸತ್ತ್ವ ಮತ್ತು ಸುಣ್ಣಾಂಶಗಳನ್ನು ಬೆರೆಸಿ ವಿವಿಧೋದ್ದೇಶ ಆಹಾರವೊಂದನ್ನು ರೂಪಿಸಿತ್ತು.

ನಿಜವಾದ ತೊಡಕಿರುವುದು ಗಿರಣಿಯಲ್ಲಿ. ದೊಡ್ಡ ಕಾರ್ಖಾನೆಯಲ್ಲಿ ಹರಿದುಬರುವ ಹಿಟ್ಟಿಗೆ ಯಂತ್ರವೇ ಅಳತೆಯಂತೆ ಪುಡಿಯನ್ನು ಉದುರಿಸಬಲ್ಲದು. ಕೆಂಗೇರಿಯಲ್ಲೋ ವಿಜಯನಗರದಲ್ಲೋ ಡಬ್ಬಿಯಲ್ಲಿ ರಾಗಿ ಕೊಂಡೊಯ್ದು ಬೀಸಿಸುವ ಮನೆಯವರಿಗೆ, ಐದು ಕಿಲೋ ಹಿಟ್ಟಿನಲ್ಲಿ ತೀರ ಸ್ವಲ್ಪವೇ ಪುಡಿಯನ್ನು ಸಮನಾಗಿ ಬೆರೆಸಿಕೊಡುವವರು ಯಾರು?